ಕರ್ಫ್ಯೂ ಮುಗಿದ ಮೇಲೆ: ಉಸ್ಮಾರ್ ಇಸ್ಮಾಯಿಲ್ ಮತ್ತು ಇಂಡೋನೇಷ್ಯಾದ ಸಿನಿಮಾ

ಇಂಡೋನೇಷ್ಯಾದಲ್ಲಿ ಪ್ರತಿ ವರ್ಷ ಮಾರ್ಚ್ 30 ರಾಷ್ಟ್ರೀಯ ಸಿನಿಮಾ ದಿನ. 1950ರ ಆ ದಿನ ಪಶ್ಚಿಮ ಜಾವಾದ ಸುಬಾಂಗ್ ಎಂಬಲ್ಲಿ ಒಂದು ಸಿನಿಮಾದ ಚಿತ್ರೀಕರಣ ಶುರುವಾಯಿತು. ಹಾಗಾದ್ರೆ ಅದಕ್ಕೂ ಮೊದಲು ಅಲ್ಲಿ ಸಿನಿಮಾನೇ ಇರಲಿಲ್ವಾ ಅಂತ ಕೇಳಬಹುದು. ಇತ್ತು, 1926ರಿಂದಲೇ ಇತ್ತು. ಆದರೆ ಡಚ್ಚರ ಆಳ್ವಿಕೆಯ ಕಾಲದಲ್ಲಿ ಯಾವ ಕಥೆ ತೆಗೀಬೇಕು, ಹೇಗೆ ತೆಗೀಬೇಕು ಅನ್ನೋ ತೀರ್ಮಾನ ಆ ನೆಲದ ಜನರ ಕೈಯಲ್ಲಿ ಇದ್ದದ್ದು ಕಡಿಮೆ. ಸ್ವತಂತ್ರ ದೇಶದಲ್ಲಿ, ತಮ್ಮದೇ ಕಂಪನಿ ಕಟ್ಟಿಕೊಂಡು, ತಮ್ಮದೇ ಕಥೆಯನ್ನು ಹೇಳಲು ಹೊರಟವರು ಉಸ್ಮಾರ್ ಇಸ್ಮಾಯಿಲ್. ಆಗ ಅವರಿಗೆ 29 ವರ್ಷ.

ಅವರನ್ನು ಇಂಡೋನೇಷ್ಯಾ ಸಿನಿಮಾದ ಪಿತಾಮಹ ಅಂತ ಕರೀತಾರೆ. ಬಿರುದು ಕೊಟ್ಟು ಸುಮ್ಮನಾದರೆ ಅವರ ಸಿನಿಮಾ ಅರ್ಥವಾಗೋದಿಲ್ಲ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: ಸ್ವಾತಂತ್ರ್ಯ ಬಂತು ಸರಿ, ಮುಂದೇನು? ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಹಿಡಿದು ಅವರ ಮೂರು ಸಿನಿಮಾಗಳನ್ನು ನೋಡೋಣ.

ಸಿನಿಮಾಕ್ಕೆ ಮೊದಲು

ಉಸ್ಮಾರ್ ಹುಟ್ಟಿದ್ದು 1921ರಲ್ಲಿ, ಪಶ್ಚಿಮ ಸುಮಾತ್ರಾದ ಬುಕಿತ್ತಿಂಗ್ಗಿಯಲ್ಲಿ. ಜಪಾನೀಯರು ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಗೆಳೆಯರ ಜೊತೆ ಸೇರಿ 'ಮಾಯಾ' ಎಂಬ ನಾಟಕ ತಂಡ ಕಟ್ಟಿದರು. ಡಚ್ಚರು ಮರಳಿ ಬಂದಾಗ ನಡೆದ ಸ್ವಾತಂತ್ರ್ಯ ಹೋರಾಟದಲ್ಲಿ ಸೇನೆಯಲ್ಲೂ ಇದ್ದರು, ಪತ್ರಕರ್ತರೂ ಆಗಿದ್ದರು. 1948ರಲ್ಲಿ ಸುದ್ದಿ ಮಾಡಲು ಜಕಾರ್ತಾಕ್ಕೆ ಹೋದಾಗ ಡಚ್ಚರು ಅವರನ್ನು ಬಂಧಿಸಿದರು. ಸಿನಿಮಾ ಕೆಲಸ ಅವರಿಗೆ ಸಿಕ್ಕಿದ್ದೂ ಆ ದಿನಗಳಲ್ಲೇ. ಡಚ್ಚರ ಕಂಪನಿಯೊಂದಕ್ಕೆ 1949ರಲ್ಲಿ ಎರಡು ಸಿನಿಮಾ ನಿರ್ದೇಶಿಸಿದರು. ಅವುಗಳಲ್ಲಿ ನಿರ್ಮಾಪಕರ ಹಿಡಿತವೇ ಹೆಚ್ಚಾಗಿತ್ತು. ಹಾಗಾಗಿ ಅವು ತಮ್ಮವು ಅಂತ ಅವರಿಗೆ ಅನ್ನಿಸಲೇ ಇಲ್ಲ. 1950ರಲ್ಲಿ 'ಪೆರ್ಫಿನಿ' ಎಂಬ ಕಂಪನಿ ಕಟ್ಟಿ ತೆಗೆದದ್ದನ್ನೇ ತಮ್ಮ ಮೊದಲ ಸಿನಿಮಾ ಅಂತ ಹೇಳಿಕೊಂಡರು.

1. ದಾರಾಹ್ ದಾನ್ ದೋಆ (1950)

ಹೆಸರಿನ ಅರ್ಥ 'ರಕ್ತ ಮತ್ತು ಪ್ರಾರ್ಥನೆ'. ದೋಆ ಅಂದ್ರೆ ನಾವು ಕೇಳಿರೋ ದುವಾ ಪದವೇ. ಸೇನೆಯ ಸಿಲಿವಾಂಗಿ ದಳ ಯೋಗ್ಯಕಾರ್ತಾದಿಂದ ಪಶ್ಚಿಮ ಜಾವಾಕ್ಕೆ ಕಾಲ್ನಡಿಗೆಯಲ್ಲಿ ಮರಳಿದ ಕಥೆ ಇದು. ಸೈನಿಕರ ಜೊತೆ ಅವರ ಸಂಸಾರಗಳೂ ನಡೆದವು. ಹೊಸದಾಗಿ ಸ್ವತಂತ್ರವಾದ ದೇಶ ಇಂಥ ಕಥೆಯಲ್ಲಿ ಏನು ನಿರೀಕ್ಷಿಸುತ್ತೆ ಹೇಳಿ? ಎದೆಯುಬ್ಬಿಸಿ ನಡೆಯುವ ಒಬ್ಬ ವೀರನನ್ನು. ಉಸ್ಮಾರ್ ತೋರಿಸಿದ ಕ್ಯಾಪ್ಟನ್ ಸುದಾರ್ತೋ ಹಿಂಜರಿಯುತ್ತಾನೆ, ಹೆಣ್ಣಿನ ಮೋಹಕ್ಕೆ ಬೀಳುತ್ತಾನೆ, ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಒದ್ದಾಡುತ್ತಾನೆ. ಸೇನೆಯ ಕೆಲವರಿಗೆ ಇದು ಹಿಡಿಸಲಿಲ್ಲ. ನಟರು ಹೆಚ್ಚಿನವರು ಹೊಸಬರು, ಚಿತ್ರೀಕರಣದ ನಡುವೆಯೇ ದುಡ್ಡು ಮುಗಿಯಿತು, ಬಿಡುಗಡೆಯಾದ ಮೇಲೂ ಹಾಕಿದ ಹಣ ಬರಲಿಲ್ಲ.

2. ಲೆವಾತ್ ಜಾಮ್ ಮಾಲಾಮ್ (1954)

ಆಮೇಲೆ ಉಸ್ಮಾರ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಯುಸಿಎಲ್ಎಯಲ್ಲಿ ಸಿನಿಮಾ ಓದಿ ಬಂದರು. ಮರಳಿ ಬಂದ ಮೇಲೆ ಮಾಡಿದ ಈ ಚಿತ್ರವನ್ನು ಅವರ ಅತ್ಯುತ್ತಮ ಕೃತಿ ಅಂತ ಬಹಳ ಜನ ಒಪ್ಪುತ್ತಾರೆ. ಹೆಸರಿನ ಅರ್ಥ 'ಕರ್ಫ್ಯೂ ಕಳೆದ ಮೇಲೆ'. ಚಿತ್ರಕಥೆ ಅಸ್ರುಲ್ ಸಾನಿ ಅವರದು.

ಹೋರಾಟ ಮುಗಿಸಿ ಇಸ್ಕಂದರ್ ಎಂಬ ಯುವಕ ಬಾಂಡುಂಗ್ ನಗರಕ್ಕೆ ಬರುತ್ತಾನೆ. ಕರ್ಫ್ಯೂ ವೇಳೆ, ಗಸ್ತಿನ ಸೈನಿಕರು ಬೆನ್ನಟ್ಟುತ್ತಾರೆ. ಹೇಗೋ ತಪ್ಪಿಸಿಕೊಂಡು ಮದುವೆ ನಿಶ್ಚಯವಾಗಿರೋ ಹುಡುಗಿ ನೋರ್ಮಾಳ ಮನೆ ಸೇರುತ್ತಾನೆ. ಅವಳ ತಂದೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಕೊಡಿಸಿದರೆ ಅಲ್ಲಿ ಜಗಳವಾಡಿ ಹೊರಬೀಳುತ್ತಾನೆ. ಹಳೆಯ ಸಂಗಾತಿಗಳನ್ನು ಹುಡುಕಿಕೊಂಡು ಹೋದರೆ ಒಬ್ಬ ಗುತ್ತಿಗೆದಾರ, ಇನ್ನೊಬ್ಬ ವೇಶ್ಯಾವಾಟಿಕೆಯ ದಲ್ಲಾಳಿ. ಆಗ ತಮ್ಮ ನಾಯಕನಾಗಿದ್ದ ಗುನಾವಾನ್ ಈಗ ದೊಡ್ಡ ಶ್ರೀಮಂತ. ಆ ಹಣದ ಮೂಲ ಇಸ್ಕಂದರ್‌ಗೆ ಗೊತ್ತಾಗುವುದು ನಿಧಾನವಾಗಿ. ಶತ್ರುವಿಗೆ ನೆರವಾದವರು ಅಂತ ಹೇಳಿ ಗುನಾವಾನ್ ಇವನ ಕೈಯಿಂದ ಒಂದು ಕುಟುಂಬವನ್ನೇ ಕೊಲ್ಲಿಸಿದ್ದ. ಅವರ ಚಿನ್ನವೇ ಇವತ್ತಿನ ಬಂಡವಾಳ.

ಕಥೆ ಶುರುವಾಗುವುದೂ ಮುಗಿಯುವುದೂ ಕರ್ಫ್ಯೂ ವೇಳೆಯಲ್ಲೇ. ಕೊನೆಯಲ್ಲಿ ಇಸ್ಕಂದರ್‌ಗೆ ಗುಂಡು ಹೊಡೆಯುವವರು ಡಚ್ಚರಲ್ಲ, ತನ್ನದೇ ದೇಶದ ಗಸ್ತಿನವರು. ಸ್ವಾತಂತ್ರ್ಯ ಹೋರಾಟ ಮುಗಿದು ಐದು ವರ್ಷವಾಗುವಷ್ಟರಲ್ಲೇ ಇಂಥ ಚಿತ್ರ ತೆಗೆಯಲು ಎಷ್ಟು ಧೈರ್ಯ ಬೇಕು ಯೋಚಿಸಿ. 1955ರ ಮೊದಲ ಇಂಡೋನೇಷ್ಯಾ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಇದು 'ತರ್ಮಿನಾ' ಎಂಬ ಚಿತ್ರದೊಂದಿಗೆ ಹಂಚಿಕೊಂಡಿತು.

ನೋಡುವಾಗ ಲೈಲಾ ಎಂಬ ಪಾತ್ರದ ಮೇಲೆ ಕಣ್ಣಿಡಿ. ವೇಶ್ಯೆಯಾಗಿ ಬದುಕುವ ಈಕೆ ಪತ್ರಿಕೆಗಳಲ್ಲಿ ಬರುವ ಚಂದದ ವಸ್ತುಗಳ ಚಿತ್ರಗಳನ್ನು ಕತ್ತರಿಸಿ ಜೋಪಾನವಾಗಿ ಅಂಟಿಸಿ ಇಟ್ಟುಕೊಂಡಿರುತ್ತಾಳೆ. ಸ್ವಾತಂತ್ರ್ಯ ಅವಳ ಪಾಲಿಗೆ ತಂದುಕೊಟ್ಟದ್ದು ಆ ಕಾಗದದ ಚೂರುಗಳಷ್ಟೇ. ಈ ಮಾತನ್ನು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

3. ತಿಗಾ ದಾರಾ (1956)

ಈಗ ಪ್ರಶ್ನೆ ನಿರ್ದೇಶಕರ ಕಡೆಗೇ ತಿರುಗುತ್ತೆ. ಒಳ್ಳೆ ಸಿನಿಮಾ ಮಾಡಿದ್ದಾಯ್ತು, ಮುಂದೇನು? ಸ್ಟುಡಿಯೋ ನಡೀಬೇಕು, ಸಂಬಳ ಕೊಡಬೇಕು. ಅಲ್ಲಿನ ದೊಡ್ಡ ಚಿತ್ರಮಂದಿರಗಳಲ್ಲಿ ಹಾಲಿವುಡ್, ಉಳಿದವುಗಳಲ್ಲಿ ಮಲಯ ಚಿತ್ರಗಳು ಮತ್ತು ನಮ್ಮ ಭಾರತದ ಚಿತ್ರಗಳು. ಹಾಡು, ಕುಣಿತ, ಕಣ್ಣೀರು ತುಂಬಿದ ನಮ್ಮ ಸಿನಿಮಾಗಳಿಗೆ ಜನ ಮುಗಿಬೀಳುತ್ತಿದ್ದರು. ಈ ಆಮದಿಗೆ ಮಿತಿ ಹಾಕಿ ಅಂತ ಒತ್ತಾಯಿಸಿ 1957ರಲ್ಲಿ ಅಲ್ಲಿನ ನಿರ್ಮಾಪಕರು ಸ್ಟುಡಿಯೋಗಳನ್ನೇ ಮುಚ್ಚಿ ಪ್ರತಿಭಟಿಸಿದರು. ಹಾಲಿವುಡ್ ಬಂದು ನಮ್ಮ ಸಿನಿಮಾ ಹಾಳಾಯ್ತು ಅಂತ ನಾವು ಮಾತಾಡ್ತೀವಲ್ಲ, ಅಲ್ಲಿ ಆ ಜಾಗದಲ್ಲಿ ನಾವೂ ಇದ್ದೆವು.

ಪೆರ್ಫಿನಿಯನ್ನು ಉಳಿಸಿಕೊಳ್ಳಲು ಉಸ್ಮಾರ್ ತೆಗೆದ ಹಾಡುಗಳ ಚಿತ್ರವೇ 'ತಿಗಾ ದಾರಾ', ಅಂದ್ರೆ ಮೂವರು ಕನ್ಯೆಯರು. ತಾಯಿಯಿಲ್ಲದ ಮೂವರು ಅಕ್ಕತಂಗಿಯರು. ಹಿರಿಯವಳು ನುನುಂಗ್‌ಗೆ 29 ಆದರೂ ಮದುವೆಯಾಗಿಲ್ಲ ಅಂತ ಅಜ್ಜಿಗೆ ನಿದ್ದೆಯಿಲ್ಲ. ಸ್ಕೂಟರ್ ಡಿಕ್ಕಿಯಿಂದ ಪರಿಚಯವಾದ ತೋತೋ ಎಂಬ ಯುವಕನಿಂದ ಮನೆಯಲ್ಲಿ ಗೊಂದಲ. ಕಥೆ ಹಗುರ, ಆದರೆ ತಂಗಿಯರ ನಡುವಿನ ಅಸೂಯೆ, ಅಜ್ಜಿಯ ಕಿರಿಕಿರಿ, ಜಕಾರ್ತಾದ ಹೊಸ ಮಧ್ಯಮ ವರ್ಗದ ಮನೆ, ಎಲ್ಲವೂ ಜೀವಂತ. ಚಿತ್ರ ಭರ್ಜರಿಯಾಗಿ ಓಡಿತು. ಉಸ್ಮಾರ್‌ಗೆ ಮಾತ್ರ ಇದು ದುಡ್ಡಿಗಾಗಿ ಮಾಡಿದ ರಾಜಿ ಅನ್ನೋ ಮುಜುಗರ ಇತ್ತು.

ಮುಂದೆ ಅವರ 'ಪೆಜುವಾಂಗ್' (1960) ಚಿತ್ರದ ನಟನೆಗೆ ಬಾಂಬಾಂಗ್ ಹೆರ್ಮಾಂತೋ 1961ರ ಮಾಸ್ಕೋ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಆದರೂ ಕಂಪನಿಯ ಹಣದ ಕಷ್ಟ ತೀರಲಿಲ್ಲ. 1971ರ ಜನವರಿ 2ರಂದು ಉಸ್ಮಾರ್ ತೀರಿಕೊಂಡರು. 50 ತುಂಬಲು ಮೂರು ತಿಂಗಳೂ ಉಳಿದಿರಲಿಲ್ಲ. 2021ರಲ್ಲಿ ಇಂಡೋನೇಷ್ಯಾ ಅವರಿಗೆ ರಾಷ್ಟ್ರವೀರ ಗೌರವ ಕೊಟ್ಟಿತು.

ರೀಲು ಉಳಿದದ್ದು ಹೇಗೆ?

ಇದು ನಮ್ಮ ಲ್ಯಾಬಿಗೆ ಹತ್ತಿರದ ವಿಷಯ. ಹಳೆಯ ಫಿಲ್ಮ್‌ಗಳಲ್ಲಿ ಎಷ್ಟೋ ಸೆಲ್ಯುಲೋಸ್ ಅಸಿಟೇಟ್‌ನವು. ತೇವ ಮತ್ತು ಸೆಕೆಗೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ. ಹುಟ್ಟಿದ ಆಮ್ಲವೇ ಮುಂದಿನ ಕ್ರಿಯೆಗೆ ವೇಗವರ್ಧಕ. ಅಂದ್ರೆ ಕೆಡುವುದು ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತಲೇ ಹೋಗುತ್ತೆ. ಫಿಲ್ಮ್ ಕುಗ್ಗಿ, ಸುರುಟಿ, ಮುರಿಯುತ್ತೆ. ಇಂಡೋನೇಷ್ಯಾದ ಹವೆಗೆ ಇದು ಇನ್ನೂ ಬೇಗ. ಜಕಾರ್ತಾದಲ್ಲಿ 1975ರಲ್ಲಿ ಶುರುವಾದ 'ಸಿನೆಮಾತೆಕ್' ಸಂಗ್ರಹಾಲಯ ರೀಲುಗಳನ್ನು ಕಾಪಾಡಿಕೊಂಡು ಬಂದದ್ದರಿಂದಲೇ 'ಲೆವಾತ್ ಜಾಮ್ ಮಾಲಾಮ್' ಇಟಲಿಯ ಬೊಲೊನ್ಯಾ ಪ್ರಯೋಗಾಲಯದಲ್ಲಿ ದುರಸ್ತಿಯಾಗಿ 2012ರ ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. 'ತಿಗಾ ದಾರಾ' 4ಕೆ ರೂಪದಲ್ಲಿ 2016ರಲ್ಲಿ ಇಂಡೋನೇಷ್ಯಾದ ಚಿತ್ರಮಂದಿರಗಳಿಗೆ ಬಂತು. ನಂಬಿ ಮಾಡಿದ ಚಿತ್ರಕ್ಕೂ, ಮುಜುಗರದಿಂದ ಮಾಡಿದ ಚಿತ್ರಕ್ಕೂ ಸಿಕ್ಕ ಆರೈಕೆ ಒಂದೇ.

ಚರ್ಚೆಗೆ

1. ಗುನಾವಾನ್‌ನನ್ನು ಕೊಂದ ಮೇಲೂ ಇಸ್ಕಂದರ್‌ಗೆ ನೆಮ್ಮದಿ ಯಾಕೆ ಸಿಗುವುದಿಲ್ಲ?
2. 'ತಿಗಾ ದಾರಾ' ನಿಜವಾಗಿಯೂ ರಾಜಿಯೇ? ಚಿತ್ರ ನೋಡಿ, ನಿರ್ದೇಶಕರ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು ಉತ್ತರಿಸಿ.
3. ನಿಮ್ಮ ಮನೆಯ ಹಳೆಯ ಕ್ಯಾಸೆಟ್, ನೆಗೆಟಿವ್‌ಗಳು ಈಗ ಎಲ್ಲಿವೆ, ಹೇಗಿವೆ? ಹೋಗಿ ಒಮ್ಮೆ ಡಬ್ಬಿ ತೆರೆದು ನೋಡಿ.