ಡೀಸೆಲ್ ಲಾರಿಯನ್ನು ಮಳೆಗಾಲದಲ್ಲಿ ಕೆಡದಂತೆ ನಿಲ್ಲಿಸಿಡುವ ಕ್ರಮ

ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ಕಬ್ಬು ಸಾಗಿಸುವ ಲಾರಿಗಳು, ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಕಾಲ ಮುಗಿದ ಮೇಲೆ, ಮುಂಗಾರು ಕಳೆಯುವವರೆಗೆ ಕೆಲಸವಿಲ್ಲದೆ ನಿಲ್ಲುವುದುಂಟು. ಓಡುವ ಗಾಡಿ ಮಾತ್ರ ಸವೆಯುವುದು, ನಿಂತ ಗಾಡಿಗೆ ಕೇಡಿಲ್ಲವೆಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ನಿಂತ ಲಾರಿಗೆ ಮುಖ್ಯ ಶತ್ರು ನೀರು. ಮಳೆಯ ನೀರು ಮಾತ್ರವಲ್ಲದೆ, ಗಾಳಿಯ ತೇವವೂ ಎಂಜಿನ್ನಿನೊಳಗೇ ಹುಟ್ಟುವ ನೀರೂ ಅದನ್ನು ಕೆಡಿಸುತ್ತವೆ. ಕಟಾವು ಆರಂಭವಾದ ದಿನ ಲಾರಿ ಚಾಲೂ ಆಗದಿದ್ದರೆ, ದುರಸ್ತಿಯ ಖರ್ಚಿನೊಡನೆ ಬಾಡಿಗೆಯೂ ತಪ್ಪಿ, ಸಾಲದ ಕಂತು ಕಟ್ಟುವುದು ಕಷ್ಟವಾಗುವುದು. ಆದುದರಿಂದ ಜಮೀನುದಾರರೂ ಗ್ರಾಮದ ಮುಖಂಡರೂ ಕೆಳಗಣ ಕ್ರಮಗಳನ್ನು ಲಕ್ಷ್ಯವಿಟ್ಟು ಆಚರಣೆಗೆ ತರಬೇಕು.

1. ಸ್ಥಳ.— ನೀರು ನಿಲ್ಲದ ಗಟ್ಟಿ ನೆಲದ ಮೇಲೆ, ಗಾಳಿಯಾಡುವ ಮಾಡಿನ ಕೆಳಗೆ ಲಾರಿಯನ್ನು ನಿಲ್ಲಿಸತಕ್ಕದ್ದು. ಮೊದಲು ಕೆಸರನ್ನೂ ಕಬ್ಬಿನ ರವುದಿಯನ್ನೂ ತೊಳೆದು ಒಣಗಿಸಬೇಕು. ಮೇವಿನ ಬಣವೆ, ಧಾನ್ಯದ ಚೀಲಗಳು ಹತ್ತಿರವಿರಕೂಡದು. ಬೆಂಕಿಯ ಭಯ ಒಂದು, ಇಲಿಗಳು ಸೇರಿ ವೈರುಗಳನ್ನು ಕಡಿಯುವುದು ಇನ್ನೊಂದು. ರಸಗೊಬ್ಬರವನ್ನೂ ದೂರವಿಡಬೇಕು, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.

2. ಡೀಸೆಲ್ ಟ್ಯಾಂಕು.— ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಡೀಸೆಲ್ಲೂ ನೀರೂ ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಪಂಪು, ಇಂಜೆಕ್ಟರುಗಳ ಒಳಭಾಗಗಳ ನಡುವಣ ಅಂತರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅಲ್ಲಿ ಅಲ್ಪ ತುಕ್ಕು ಹಿಡಿದರೂ ಕೆಲಸ ಕೆಡುವುದು. ಆದಕಾರಣ ಟ್ಯಾಂಕಿನ ತಳದ ನೀರನ್ನೂ ಫಿಲ್ಟರಿನ ನೀರನ್ನೂ ಇಳಿಸಿ, ಹೊಸ ಡೀಸೆಲ್ಲಿನಿಂದ ಟ್ಯಾಂಕನ್ನು ಬಹುಮಟ್ಟಿಗೆ ತುಂಬಿಡಬೇಕು.

3. ಆಯಿಲು ಮತ್ತು ರೇಡಿಯೇಟರು.— ಹಳೆಯ ಆಯಿಲಿನಲ್ಲಿ ಮಸಿ, ಆಮ್ಲ, ನೀರು ಸೇರಿರುತ್ತವೆ. ನಿಲ್ಲಿಸುವ ಮೊದಲೇ ಅದನ್ನೂ ಅದರ ಫಿಲ್ಟರನ್ನೂ ಬದಲಿಸಿ, ಹೊಸ ಆಯಿಲು ಎಲ್ಲೆಡೆ ಹರಡುವಂತೆ ಲಾರಿಯನ್ನು ಸ್ವಲ್ಪ ದೂರ ಓಡಿಸಬೇಕು. ರೇಡಿಯೇಟರಿನಲ್ಲಿ ಬರಿಯ ನೀರಿರದೆ, ತುಕ್ಕು ತಡೆಯುವ ಕೂಲೆಂಟು ಇರಬೇಕು. ಕೊನೆಗೆ ಗಾಳಿ ಸೇದುವ ಬಾಯನ್ನೂ ಸೈಲೆನ್ಸರಿನ ಬಾಯನ್ನೂ ಮೇಣಬಟ್ಟೆಯಿಂದ ಕಟ್ಟಿ, ಕಟ್ಟಿರುವುದನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ತೂಗುಹಾಕತಕ್ಕದ್ದು.

4. ಯೂರಿಯಾ ದ್ರವ.— 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಲಾರಿಗಳಲ್ಲಿ ಹೊಗೆಯನ್ನು ಶುದ್ಧಿಗೊಳಿಸಲು ಯೂರಿಯಾ ದ್ರವದ ಬೇರೆ ಟ್ಯಾಂಕು ಇರುವುದು ಸಾಮಾನ್ಯ. ಈ ದ್ರವ ಬಿಸಿಲಿಗೆ ಕೆಡುತ್ತದೆ. ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಎಂದಿಗೂ ಹಾಕಕೂಡದು. ಅದರ ಕಲ್ಮಷದಿಂದ ಬೆಲೆಬಾಳುವ ಭಾಗಗಳು ಹಾಳಾಗುವವು.

5. ಬ್ಯಾಟರಿ.— ಕೀಲಿ ತೆಗೆದು ಕೆಲವು ನಿಮಿಷ ಕಳೆದ ತರುವಾಯ, ಋಣ ತಂತಿಯನ್ನು ಮೊದಲು ಕಳಚಬೇಕು; ಮರಳಿ ಜೋಡಿಸುವಾಗ ಅದು ಕೊನೆಯದು. ಚಾರ್ಜು ಇಳಿದ ಬ್ಯಾಟರಿಯ ಸೀಸದ ತಗಡುಗಳು ಗಡಸಾಗಿ ಕೆಡುತ್ತವೆ. 12 ವೋಲ್ಟಿನ ಬ್ಯಾಟರಿ ಪೂರ್ಣ ತುಂಬಿದಾಗ ಸುಮಾರು 12.6 ವೋಲ್ಟು ತೋರಿಸುವುದು. ತಿಂಗಳಿಗೊಮ್ಮೆ ಪರೀಕ್ಷಿಸಿ, ಕಡಮೆಯಾಗಿದ್ದರೆ ಚಾರ್ಜು ಮಾಡಿಸಬೇಕು.

6. ಟೈರು, ಬ್ರೇಕು.— ಸಾಮಾನು ಇಳಿಸಿ, ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಆಕ್ಸಲ್ಲುಗಳ ಕೆಳಗೆ ಭದ್ರವಾದ ಮರದ ದಿಮ್ಮಿಗಳನ್ನು ಕೊಟ್ಟು ಭಾರ ತಪ್ಪಿಸುವುದು ಉತ್ತಮ. ಬರಿಯ ಜಾಕಿಯನ್ನು ನಂಬಿ ಕೆಳಗೆ ಹೋಗಕೂಡದು. ಗಾಳಿ ಬ್ರೇಕಿನ ಟ್ಯಾಂಕುಗಳ ನೀರನ್ನು ಇಳಿಸಬೇಕು.

7. ನಡುವೆ ಚಾಲೂ ಮಾಡುವುದು.— ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುವ ವಾಡಿಕೆ ಒಳ್ಳೆಯದಲ್ಲ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯದಿದ್ದರೆ ಅದರಲ್ಲಿ ಒಂದಂಶ ಒಳಗೇ ತಂಗಿ ಆಯಿಲಿಗೆ ಸೇರುವುದು. ಓಡಿಸುವುದಾದರೆ, ಕಟ್ಟಿದ ಬಾಯಿಗಳನ್ನು ಬಿಚ್ಚಿ, ತಿಂಗಳಿಗೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಬೇಕು; ಇಲ್ಲವಾದರೆ ಮುಟ್ಟದೆ ಬಿಡುವುದೇ ಲೇಸು.

8. ಮತ್ತೆ ಹೊರಡಿಸುವಾಗ.— ಚೀಟಿಯನ್ನು ಓದಿ ಬಟ್ಟೆಗಳನ್ನು ತೆಗೆದು, ಇಲಿಯ ಗೂಡು, ಕಡಿದ ವೈರು, ಸೋರಿಕೆಗಳನ್ನು ನೋಡಬೇಕು. ಫಿಲ್ಟರಿನ ನೀರನ್ನು ಇಳಿಸಬೇಕು. ಹಳೆಯ ಮಾದರಿಯ ಎಂಜಿನ್ನಿನಲ್ಲಿ ಸ್ಟಾಪ್ ಗುಂಡಿಯನ್ನು ಎಳೆದು ಹಿಡಿದು, ಆಯಿಲಿನ ಒತ್ತಡ ಏರುವವರೆಗೆ ಸ್ವಲ್ಪ ಸ್ವಲ್ಪ ತಿರುಗಿಸಿ, ಆಮೇಲೆ ಚಾಲೂ ಮಾಡತಕ್ಕದ್ದು. ಬ್ರೇಕಿಗೆ ಪೂರ್ತಿ ಗಾಳಿ ಏರಿದ ಮೇಲೆ ನಿಧಾನವಾಗಿ ಮುಂದೆ ಬಿಟ್ಟು, ಬ್ರೇಕು ಹಿಡಿಯುವುದನ್ನು ಪರೀಕ್ಷಿಸಿಯೇ ಭಾರ ಹೇರಬೇಕು.

ಈ ಕೆಲಸಗಳಿಗೆ ಒಂದೆರಡು ದಿನ ಸಾಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಮೊದಲ ಮಳೆ ಬೀಳುವುದಕ್ಕೆ ಮುಂಚೆಯೇ ಇವೆಲ್ಲವನ್ನೂ ಪೂರೈಸತಕ್ಕದ್ದು.