ಮುಖದ ನರ ಸೋತಾಗ ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ?

ಪ್ರಶ್ನೆ: ರಾತ್ರಿ ಸರಿಯಾಗಿದ್ದ ಬಾಯಿ ಬೆಳಿಗ್ಗೆ ಸೊಟ್ಟಗಾದರೆ ಅದು ಲಕ್ವವೇ?

ಉತ್ತರ: ಸೊಟ್ಟಬಾಯಿಗೆಲ್ಲ ಮೆದುಳೇ ಕಾರಣವಲ್ಲ. ಹುಬ್ಬೇರಿಸಲು ಹೇಳಿ ಹಣೆ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ ಮೆದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಹಣೆಯ ನೆರಿಗೆ ಉಳಿದಿರುತ್ತದೆ. ಮುಖದ ನರವೇ ಕೆಟ್ಟಿದ್ದರೆ ಆ ಬದಿಯ ಹಣೆಯೂ ನುಣುಪಾಗುತ್ತದೆ, ಕಣ್ಣು ಮುಚ್ಚುವುದಿಲ್ಲ, ಬಾಯಿ ಮುಕ್ಕಳಿಸಿದರೆ ನೀರು ಸೋರುತ್ತದೆ, ತುತ್ತು ಕೆನ್ನೆ ಮತ್ತು ಒಸಡಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕೆಲವರಿಗೆ ನಾಲಿಗೆಯ ಒಂದು ಬದಿ ರುಚಿ ಕಳೆದುಕೊಳ್ಳುತ್ತದೆ, ಅದೇ ಕಡೆಯ ಕಿವಿಗೆ ಪಾತ್ರೆ ಬಿದ್ದ ಸದ್ದೂ ಸಹಿಸಲಾಗುವುದಿಲ್ಲ. ಕೈಕಾಲು ಸೋತಿದ್ದರೆ, ಮಾತು ತೊದಲಿದರೆ ಹಣೆಯ ಪರೀಕ್ಷೆಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಈ ನರ ಇಷ್ಟು ಸುಲಭವಾಗಿ ಕೆಡುವುದೇಕೆ?

ಉತ್ತರ: ಅದು ಸಾಗುವ ದಾರಿ ಇಕ್ಕಟ್ಟಿನದು. ಮೆದುಳಿನ ಕಾಂಡದಿಂದ ಹೊರಟ ನರ ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಬಾಗಿ ಬಳುಕಿ ಬರುತ್ತದೆ. ಆ ಕೊಳವೆಯ ಅತಿ ಕಿರಿದಾದ ಜಾಗ ಒಂದು ಮಿಲಿಮೀಟರ್‌ಗೂ ಕಡಿಮೆ. ನರ ಊದಿಕೊಂಡರೆ ಹಿಗ್ಗಲು ಜಾಗವಿಲ್ಲದೆ ತನ್ನ ರಕ್ತಸಂಚಾರವನ್ನು ತಾನೇ ಹಿಸುಕಿಕೊಳ್ಳುತ್ತದೆ. ಇದೇ ಬೆಲ್ಸ್ ಪಾಲ್ಸಿ. ವರ್ಷಕ್ಕೆ ಲಕ್ಷ ಜನರಲ್ಲಿ 15ರಿಂದ 30 ಮಂದಿಗೆ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಗರ್ಭದ ಕೊನೆಯ ತಿಂಗಳುಗಳಲ್ಲಿ ಹೆಚ್ಚು. ನಡುಕಿವಿಯಲ್ಲಿ ನರದ ಮೇಲಿರುವುದು ತೆಳುವಾದ ಮೂಳೆಯ ಪದರ ಮಾತ್ರ. ಹಾಗಾಗಿ ಹಳೆಯ ಸೋರುಕಿವಿಯೂ ಅದನ್ನು ತಲುಪಬಲ್ಲದು. ಕಿವಿಯ ಕೆಳಗೆ ಹೊರಬಂದ ಮೇಲೆ ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಅದು ಐದು ಕವಲಾಗುತ್ತದೆ.

ಪ್ರಶ್ನೆ: ಬೆಲ್ಸ್ ಪಾಲ್ಸಿಗೆ ಆಪರೇಷನ್ ಬೇಕೇ?

ಉತ್ತರ: ಬಹುತೇಕರಿಗೆ ಬೇಡ. ಏನೂ ಮಾಡದಿದ್ದರೂ ಹತ್ತರಲ್ಲಿ ಏಳು ಮಂದಿ ಪೂರ್ತಿ ಸರಿಹೋಗುತ್ತಾರೆ. ಮೊದಲ 72 ಗಂಟೆಯೊಳಗೆ ಸ್ಟೆರಾಯ್ಡ್ ಮಾತ್ರೆ ಶುರುಮಾಡಿದರೆ ಫಲ ಇನ್ನೂ ಉತ್ತಮ. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆ ಪಡೆದವರಲ್ಲಿ ಒಂಬತ್ತು ತಿಂಗಳಿಗೆ ಶೇ 94ರಷ್ಟು ಜನ ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ ಶೇ 82. ಗಾಳಿ ಹೊಡೆದಿದೆಯೆಂದು ಎಣ್ಣೆ ತಿಕ್ಕುತ್ತ ಆ ಮೂರು ದಿನ ಕಳೆಯುವುದೇ ನಿಜವಾದ ನಷ್ಟ. ಕಿವಿಯ ಮೇಲೆ ಗುಳ್ಳೆಯೆದ್ದಿದ್ದರೆ ಅದು ಸರ್ಪಸುತ್ತಿನ ವೈರಾಣು. ಜೊತೆಗೆ ವೈರಾಣು ವಿರೋಧಿ ಔಷಧವೂ ಬೇಕು. ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಮತ್ತು ಟೇಪು. ಬಾಯಿಯ ಸೊಟ್ಟಕ್ಕಿಂತ ಒಣಗಿ ಹುಣ್ಣಾಗುವ ಕಣ್ಣುಗುಡ್ಡೆಯೇ ದೊಡ್ಡ ಅಪಾಯ.

ಮೂಳೆ ಕೊರೆದು ನರವನ್ನು ಸಡಿಲಿಸುವ ಶಸ್ತ್ರಚಿಕಿತ್ಸೆ ಇದೆ. ಮುಖ ಪೂರ್ತಿ ಸೋತು, ಎರಡು ವಾರದೊಳಗಿನ ವಿದ್ಯುತ್ ಪರೀಕ್ಷೆಯಲ್ಲಿ ಶೇ 90ಕ್ಕಿಂತ ಹೆಚ್ಚು ತಂತುಗಳು ನಶಿಸಿದ್ದರೆ ಮಾತ್ರ ಅದರ ಮಾತು. ಕಿವಿ ಕೇಳದಂತಾಗುವ ಅಪಾಯವಿರುವುದರಿಂದ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ.

ಪ್ರಶ್ನೆ: ಹಾಗಾದರೆ ಯಾರಿಗೆ ಶಸ್ತ್ರಚಿಕಿತ್ಸೆ ತಪ್ಪದು?

ಉತ್ತರ: ಕೊಲೆಸ್ಟಿಯಟೋಮ ಎಂಬ ಗಂಟು ಮೂಳೆ ತಿಂದು ನರಕ್ಕೆ ತಾಗಿದ್ದರೆ ಅದನ್ನು ಬೇಗ ತೆಗೆಯಬೇಕು. ಬೈಕಿನಿಂದ ಬಿದ್ದು ಕಿವಿಯ ಮೂಳೆ ಮುರಿದಾಗ ಮುಖ ಆ ಕ್ಷಣವೇ ಪೂರ್ತಿ ಸೋತಿತೋ, ಎರಡು ದಿನ ಬಿಟ್ಟು ಸೋತಿತೋ ಎಂಬುದು ಮುಖ್ಯ: ಮೊದಲನೆಯದು ನರ ತುಂಡಾಗಿರಬಹುದೆಂಬ ಸೂಚನೆ, ಎರಡನೆಯದು ಸಾಮಾನ್ಯವಾಗಿ ಔಷಧದಲ್ಲೇ ಸರಿಹೋಗುತ್ತದೆ. ಗಾಜು ತಗುಲಿ ಕೆನ್ನೆಯ ನರ ಕತ್ತರಿಸಿದ್ದರೆ ಮೂರು ದಿನದೊಳಗೆ ಜೋಡಿಸುವುದು ಲೇಸು. ತುಂಡಾದ ತುದಿ ಅಷ್ಟು ಕಾಲ ಮಾತ್ರ ವಿದ್ಯುತ್ ತಾಗಿಸಿದರೆ ಮಿಡಿಯುತ್ತದೆ, ಆಮೇಲೆ ಅದನ್ನು ಹುಡುಕುವುದೇ ಕಷ್ಟ. ಹೊಲಿಗೆ ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಲ್ಲಿ. ಅಂತರ ಹೆಚ್ಚಿದ್ದರೆ ಕಾಲಿನ ಅಥವಾ ಕತ್ತಿನ ಸ್ಪರ್ಶನರದ ತುಂಡನ್ನು ನಡುವೆ ಕಸಿ ಮಾಡುತ್ತಾರೆ. ತೆಗೆದ ಜಾಗ ಜೋಮು ಹಿಡಿಯುತ್ತದೆ, ಅಷ್ಟೆ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊದಲ ಚಲನೆಗೆ ತಿಂಗಳುಗಳೇ ಬೇಕು, ಕಸಿಯ ನಂತರ ಮುಖ ಮೊದಲಿನಂತೆಯೇ ಆಗುವುದಿಲ್ಲ.

ವಾರಗಟ್ಟಲೆ ನಿಧಾನವಾಗಿ ಸೋಲುತ್ತ ಬಂದ ಮುಖ, ಮೂರ್ನಾಲ್ಕು ತಿಂಗಳಾದರೂ ಚೂರೂ ಅಲುಗದ ಮುಖ ಇದ್ದರೆ ಎಂಆರ್‌ಐ ಮಾಡಿಸಿ ಗಡ್ಡೆಯಿದೆಯೇ ನೋಡಬೇಕು.

ಪ್ರಶ್ನೆ: ವರ್ಷಗಳೇ ಕಳೆದಿದ್ದರೆ?

ಉತ್ತರ: ಒಂದೂವರೆಯಿಂದ ಎರಡು ವರ್ಷದಲ್ಲಿ ನರವಿಲ್ಲದ ಸ್ನಾಯು ಸೊರಗಿಹೋಗುತ್ತದೆ. ಅದಕ್ಕೆ ಮುಂಚೆಯಾದರೆ ನಾಲಿಗೆಯ ಅಥವಾ ಅಗಿಯುವ ಸ್ನಾಯುವಿನ ನರವನ್ನು ಮುಖದ ನರಕ್ಕೆ ಜೋಡಿಸಬಹುದು. ತಡವಾಗಿದ್ದರೆ ತೊಡೆಯ ಒಳಬದಿಯ ಸ್ನಾಯುವನ್ನು ರಕ್ತನಾಳ, ನರ ಸಮೇತ ತಂದು ಕೆನ್ನೆಯಲ್ಲಿ ಕೂಡಿಸುತ್ತಾರೆ. ಅದಕ್ಕೆ ಅಗಿಯುವ ಸ್ನಾಯುವಿನ ನರ ಕೊಟ್ಟಿದ್ದರೆ ಮೊದಮೊದಲು ಹಲ್ಲು ಕಚ್ಚಿದಾಗಲೇ ನಗು ಬರುತ್ತದೆ, ಅಭ್ಯಾಸದಿಂದ ಸಹಜವಾಗಬಹುದು. ಮುಚ್ಚದ ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ತುಣುಕು ಇಟ್ಟರೆ ಅದರ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಕುಷ್ಠರೋಗದಲ್ಲಿ ಕಣ್ಣಿನ ಕವಲು ಸೋತಾಗ ಕಣತಲೆಯ ಸ್ನಾಯುವಿನ ಪಟ್ಟಿಯನ್ನು ರೆಪ್ಪೆಗೆ ತರುವುದು ಹಳೆಯ ಕ್ರಮ. ಅಂಥವರು ದವಡೆ ಕಚ್ಚಿ ಕಣ್ಣು ಮುಚ್ಚುವುದನ್ನು ರೂಢಿಸಿಕೊಳ್ಳಬೇಕು.

ಪ್ರಶ್ನೆ: ವಾಸಿಯಾದ ಮೇಲೆ ಕಣ್ಣು ಮುಚ್ಚಿದರೆ ಬಾಯಿಯೂ ಎಳೆಯುವುದೇಕೆ?

ಉತ್ತರ: ಮರಳಿ ಬೆಳೆದ ತಂತುಗಳು ದಾರಿತಪ್ಪಿ ಬೇರೆ ಸ್ನಾಯು ಸೇರಿದ್ದರಿಂದ. ಊಟ ಮಾಡುವಾಗ ಕಣ್ಣೀರು ಸುರಿಯುವುದೂ ಇದರಿಂದಲೇ. ಕನ್ನಡಿ ಮುಂದಿನ ವ್ಯಾಯಾಮ, ಬೊಟಾಕ್ಸ್ ಚುಚ್ಚುಮದ್ದು ನೆರವಾಗುತ್ತವೆ; ಮುಖಕ್ಕೆ ಕರೆಂಟ್ ಕೊಡಿಸುವುದರಿಂದ ಲಾಭ ಸಾಬೀತಾಗಿಲ್ಲ. ನರ ಸೋಲದೆಯೇ ಅರ್ಧ ಮುಖ ಮತ್ತೆ ಮತ್ತೆ ಸೆಳೆಯುವ ಕಾಯಿಲೆ ಬೇರೆ. ಅಲ್ಲಿ ಸಾಮಾನ್ಯವಾಗಿ ಮೆದುಳಿನ ಕಾಂಡದ ಬಳಿ ರಕ್ತನಾಳವೊಂದು ನರಕ್ಕೆ ಒತ್ತಿಕೊಂಡಿರುತ್ತದೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಬೊಟಾಕ್ಸ್ ಪಡೆಯಬಹುದು, ಇಲ್ಲವೇ ತಲೆಬುರುಡೆ ತೆರೆದು ಎರಡರ ನಡುವೆ ಟೆಫ್ಲಾನ್ ಮೆತ್ತೆ ಇಡಿಸಿಕೊಳ್ಳಬಹುದು.