ಬಂಪರ್‌ಗೆ ಬಣ್ಣ, ಉಸಿರಿಗೆ ಎಚ್ಚರ

ಗೀಚಿದ ಬಂಪರ್‌ಗೆ ಮನೆಯಲ್ಲೇ ಸ್ಪ್ರೇ ಬಣ್ಣ ಹೊಡೆದರೆ ಹಣ ಉಳಿಯುತ್ತದೆ, ನಿಜ. ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಅಂಗಳಕ್ಕೆ ಬನ್ನಿ, ಮಕ್ಕಳನ್ನು ದೂರವಿಡಿ. ಬಣ್ಣದಲ್ಲಿರುವ ಝೈಲೀನ್, ಅಸಿಟೋನ್‌ನಂಥ ದ್ರಾವಕಗಳ ಆವಿಯಿಂದ ತಲೆಸುತ್ತು, ವಾಕರಿಕೆ ಬರುತ್ತವೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಕೊರೊನಾ ಕಾಲದಲ್ಲಿ ಕೊಂಡ ಎನ್-95 ಮಾಸ್ಕ್ ಕೂಡ ಧೂಳಿಗಷ್ಟೇ ಸರಿ. ಆವಿಗೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು. ಉಜ್ಜುವಾಗ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿಕೊಂಡರೆ ಧೂಳು ಏಳದು.

ಹಾರ್ಡ್‌ನರ್ ಬೆರೆತ ‘ಟು-ಕೆ’ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಇದು ಆಸ್ತಮಾ ತರಬಲ್ಲದು. ಒಮ್ಮೆ ದೇಹಕ್ಕೆ ಒಗ್ಗದಾಯಿತೆಂದರೆ ಮುಂದೆ ಎಳ್ಳಷ್ಟು ತಾಕಿದರೂ ಉಬ್ಬಸ ಕೆರಳುತ್ತದೆ. ಆ ಕೆಲಸವನ್ನು ಪೇಂಟಿಂಗ್ ಬೂತ್ ಇರುವವರಿಗೇ ಬಿಡಿ.

ಕೈಗಂಟಿದ ಬಣ್ಣಕ್ಕೆ ಥಿನ್ನರ್ ಬೇಡ, ಚರ್ಮ ಒಡೆಯುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಹಾಯಿಸಿ, ವೈದ್ಯರಿಗೆ ತೋರಿಸಿ.